ನಾಲ್ಕನೆಯ ವಿಮಾನ

ಡ್ರೈವಿಂಗ್ ಸ್ಕೂಲಿನ ಮೇಷ್ಟರಿಗೆ ಊರು ಇಟ್ಟ ಹೆಸರು ನೋಡಪ್ಪ. ಕಲಿಯಲು ಬಂದವರು ಸ್ಟಿಯರಿಂಗ್ ಮುಟ್ಟುವ ಮೊದಲೇ ಶುರು: "ನೋಡಪ್ಪ, ಎದುರಿಗಿರೋದು ಏನೂಂತ ಮೊದಲು ನೋಡು. ಕೈಕಾಲು ಆಮೇಲೆ ಆಡಿಸು." ಪಕ್ಕದ ಸೀಟಿನಲ್ಲಿ ಅವರ ಕಾಲು ಎರಡನೇ ಬ್ರೇಕಿನಿಂದ ಕದಲುತ್ತಿರಲಿಲ್ಲ. ಯುದ್ಧದಲ್ಲಿ ನಾಲ್ಕು ವಿಮಾನ ಕೆಡವಿ ಪದಕ ತಂದ ಪೈಲಟ್ ಒಂದು ಕೋಳಿ ದಾಟುವವರೆಗೂ ಕಾಯುತ್ತಾನಲ್ಲ ಎಂದು ಜನಕ್ಕೆ ನಗು.

ಅವರು ಸತ್ತ ಎರಡು ವರ್ಷಕ್ಕೆ ಸರ್ಕಾರದ ಸ್ಮಾರಕ ಸಮಿತಿಯ ಕಾರ್ಯದರ್ಶಿ ಬಂದ. ಚೌಕದಲ್ಲಿ ಕಲ್ಲು ನಿಲ್ಲಿಸುತ್ತಾರಂತೆ: 'ನಾಲ್ಕು ಶತ್ರು ವಿಮಾನಗಳನ್ನು ಹೊಡೆದುರುಳಿಸಿದ ವೀರ.' ಮನೆಯವರ ಒಪ್ಪಿಗೆಯ ಸಹಿ ಬೇಕು.

ಈಗ ಸ್ಕೂಲು ನಡೆಸುವ ಮಗಳು ಪೆನ್ನು ಹಿಡಿದು ಹಾಗೇ ಕೂತಳು. ಆಸ್ಪತ್ರೆಯಲ್ಲಿ ಅಪ್ಪ ಅವಳೊಬ್ಬಳಿಗೇ ಹೇಳಿದ್ದರು. ಶತ್ರುಗಳವು ಮೂರೇ. ನಾಲ್ಕನೆಯದು ಎದುರುಬಿಸಿಲಲ್ಲಿ ಮೋಡದಿಂದ ಎದ್ದು ಬಂತು. ಗುರುತು ನೋಡದೆ ಗುಂಡು ಹಾರಿಸಿದರು. "ಯಾರೋ ಅದು, ನಾನು ಕಣೋ!" ಎಂದು ರೇಡಿಯೋದಲ್ಲಿ ಕೂಗಿದವನು ಪಕ್ಕದ ಮಂಚದಲ್ಲಿ ಮಲಗುತ್ತಿದ್ದ ಗೆಳೆಯ. ಇಳಿದು ಬಂದು ಇದ್ದದ್ದನ್ನು ಇದ್ದಂತೆ ಹೇಳಿದರೆ ಮೇಲಧಿಕಾರಿ, "ಇದನ್ನೆಲ್ಲ ಬರೆಯೋಕಾಗುತ್ತೇನಯ್ಯಾ? ಬಾಯಿ ಮುಚ್ಚು" ಎಂದು ನಾಲ್ಕು ಎಂದೇ ಬರೆಸಿದ. ಸತ್ತವನ ಮನೆಗೆ ಶತ್ರು ಕೊಂದನೆಂದು ತಂತಿ ಹೋಯಿತು. ಬದುಕಿದ್ದವನ ಒಂದು ಸತ್ಯ ಹೊರಲಾಗದ ಸರ್ಕಾರಕ್ಕೆ ಸತ್ತಮೇಲೆ ಎರಡು ಟನ್ ಕಲ್ಲು ಹೊರುವ ತ್ರಾಣ ಎಲ್ಲಿಂದಲೋ ಬಂದಿತ್ತು.

"ಮೂರು ಅಂತ ಬರೆಸಿ. ನಾಲ್ಕನೇದು ನಮ್ಮವರದ್ದೇ," ಎಂದಳು.

ಕಾರ್ಯದರ್ಶಿ ಬೆವರು ಒರೆಸಿಕೊಂಡ. "ಅಕ್ಕಾ, ಎಲ್ಲರೂ ಇಲ್ಲದ್ದನ್ನ ಸೇರಿಸಿ ಅಂತಾರೆ, ನೀವು ಇರೋದನ್ನ ಕಳೀರಿ ಅಂತೀರಲ್ಲ! ಕಲ್ಲು ಕೆತ್ತಿ ಆಗಿದೆ. ಸಹಿ ಬರೀ ಶಾಸ್ತ್ರಕ್ಕೆ."

ಒಳಬಾಗಿಲಲ್ಲಿ ನಿಂತಿದ್ದ ಅಮ್ಮ ಎಲ್ಲ ಕೇಳಿಸಿಕೊಂಡಿದ್ದಳು. "ಐವತ್ತು ವರ್ಷ ಜೊತೇಲಿದ್ದ ನನಗೆ ಹೇಳಲಿಲ್ಲ. ನಿನಗೆ ಹೇಳಿದರೇನೇ?" ಎಂದಳು. ಉತ್ತರಕ್ಕೆ ಕಾಯದೆ ಪೆನ್ನು ಕಿತ್ತುಕೊಂಡು ತಾನೇ ಸಹಿ ಹಾಕಿದಳು.

ಕಲ್ಲಿನ ಪರದೆ ಸರಿಸಿದ ದಿನ ಸಮಿತಿಯವರು ಅದೇ ಯುದ್ಧದ ಹುತಾತ್ಮನ ಮನೆಯವಳೆಂದು ಆ ಗೆಳೆಯನ ತಂಗಿಯನ್ನೂ ಕರೆಸಿದ್ದರು. ಮುದುಕಿ ಬಂದವಳೇ ಮಗಳ ಎರಡೂ ಕೈ ಹಿಡಿದಳು. "ನಮ್ಮಣ್ಣನ್ನ ಕೊಂದವರಿಗೆ ನಿಮ್ಮಪ್ಪ ಸರಿಯಾಗಿ ತೀರಿಸಿದರು ಕಣಮ್ಮ. ನಿನ್ನ ಹೊಟ್ಟೆ ತಣ್ಣಗಿರಲಿ."

ಆ ಹರಕೆಯನ್ನು ನುಂಗಿ ಮನೆಗೆ ಹೋಗಬಹುದಿತ್ತು. ಅಮ್ಮ ದೂರದಿಂದಲೇ ಬೇಡವೆಂದು ತಲೆಯಾಡಿಸುತ್ತಿದ್ದಳು. ಮಗಳು ಮುದುಕಿಯನ್ನು ಬೆಂಚಿನ ಮೇಲೆ ಕೂರಿಸಿ, ಒಂದನ್ನೂ ಬಿಡದೆ, ರೇಡಿಯೋದ ಆ ಕೂಗನ್ನೂ ಬಿಡದೆ ಹೇಳಿದಳು.

ಮುದುಕಿ ಕಲ್ಲಿನ ಕಡೆ ತಿರುಗಿದಳು.

"ನಿಮ್ಮಪ್ಪ ಹೋದಾಗ ಎಷ್ಟು ವಯಸ್ಸು?"

"ಎಪ್ಪತ್ತೆಂಟು."

"ನಮ್ಮಣ್ಣನಿಗೆ ಇಪ್ಪತ್ತಮೂರು" ಎಂದು, ಹಿಡಿದಿದ್ದ ಕೈ ಬಿಟ್ಟು, ಎದ್ದು ಹೋದಳು.