ಹನುಮಕ್ಕನ ತಲೆಕೆಳಗಿನ ನೊಣಗಳು

ಹನುಮಕ್ಕ ನಲವತ್ತು ವರ್ಷ ಗಾಂಧಿಬಜಾರಿನ ಫುಟ್‌ಪಾತಿನ ಮೇಲೆ ಕೂತು ಹೂ ಕಟ್ಟಿದವಳು. ಅವಳು ಕಟ್ಟಿದ ಹೂವನ್ನೆಲ್ಲ ಒಂದೇ ದಾರವಾಗಿ ಹಾಸಿದರೆ ಅದು ಚಂದ್ರಲೋಕಕ್ಕೆ ಹೋಗಿ, ಅಲ್ಲಿ ಮುಡಿಯುವವರು ಯಾರೂ ಇಲ್ಲವೆಂದು ಬೇಜಾರಾಗಿ ಹಿಂದಿರುಗಿ, ಹನುಮಂತನಗರದ ಗುಡ್ಡಕ್ಕೆ ಮೂರು ಸುತ್ತು ಹಾಕಿ, ಆಮೇಲೂ ಒಂದು ಮೊಳ ಮಿಗುತ್ತದೆ. ಆ ಒಂದು ಮೊಳವನ್ನು ಅವಳು ಕೊಸರಿಗೆ ಕೊಟ್ಟುಬಿಡುತ್ತಾಳೆ.

ಅರವತ್ತೆರಡಕ್ಕೆ ಅವಳ ಮೊಣಕಾಲುಗಳು ಮುಷ್ಕರ ಹೂಡಿದವು. ನೆಲದಿಂದ ಏಳುವಾಗ ಅವು ಮಾಡುವ ಸದ್ದಿಗೆ ಎನ್.ಆರ್. ಕಾಲೋನಿಯ ನಾಯಿಗಳು ಎದ್ದು ಬೊಗಳುತ್ತಿದ್ದವು. ಚಾಮರಾಜಪೇಟೆಯಲ್ಲಿ ವೃಷಭೇಂದ್ರಪ್ಪನವರ ಕಾರ್ಖಾನೆಗೆ ಬೆರಳು ಚುರುಕಾಗಿರುವವರು ಬೇಕೆಂದು ಯಾರೋ ಹೇಳಿದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ.

"ಕೂತ್ಕಳಕ್ಕೆ ಕುರ್ಚಿ ಐತಾ?"

ಇತ್ತು. ಬೆನ್ನಿಗೆ ಒರಗು, ಎರಡು ಕೈ, ಕಿಟಕಿಯ ಪಕ್ಕ. ಮೊದಲ ದಿನ ಅದರಲ್ಲಿ ಕೂತ ಹನುಮಕ್ಕ ಅರ್ಧ ಗಂಟೆ ಏನೂ ಮಾಡಲಿಲ್ಲ, ಸುಮ್ಮನೆ ಒರಗಿದಳು.

ಕಾರ್ಖಾನೆಯೆಂದರೆ ಹಳೇ ಮನೆಯ ಹಾಲಿನಲ್ಲಿ ಆರು ಮೇಜು. ತಯಾರಾಗುತ್ತಿದ್ದುದು ಮೀನು ಹಿಡಿಯುವ ಹುಸಿನೊಣ. ಅಕ್ಕಿಕಾಳಿನಷ್ಟು ಗಾಳಕ್ಕೆ ದಾರ, ಕೋಳಿಪುಕ್ಕ ಸುತ್ತಿ ನೊಣದ ವೇಷ ಹಾಕಬೇಕು. ತಣ್ಣನೆಯ ದೇಶಗಳ ಜನ ಸೊಂಟದವರೆಗೆ ಹೊಳೆಯಲ್ಲಿ ನಿಂತು ಅದನ್ನು ತೇಲಿಬಿಡುತ್ತಾರೆ. ಮೀನು ನಂಬಿ ಬಾಯಿ ಹಾಕುತ್ತದೆ. ಅವರು ಹಿಡಿದು, ಫೋಟೊ ತೆಗೆದು, ಮತ್ತೆ ನೀರಿಗೇ ಬಿಟ್ಟುಬಿಡುತ್ತಾರೆ.

"ಬಿಡೋದಾದ್ರೆ ಯಾಕ್ ಸ್ವಾಮಿ ಹಿಡೀಬೇಕು?"

"ಅದನ್ನೇ ಶ್ರೀಮಂತಿಕೆ ಅನ್ನೋದಮ್ಮ," ಎಂದರು ವೃಷಭೇಂದ್ರಪ್ಪ. ಮೊಟ್ಟೆ ಕೂಡ ಹೊಸ್ತಿಲು ದಾಟದ ಮನೆಯವರು ಅವರು. ಮೀನನ್ನು ಅವರು ಹತ್ತಿರದಿಂದ ಕಂಡಿದ್ದು ಪಂಚಾಂಗದ ಮೀನರಾಶಿಯಲ್ಲಿ ಮಾತ್ರ.

ಗಾಳವನ್ನು ಕಚ್ಚಿ ಹಿಡಿಯಲು ಮೇಜಿಗೊಂದು ಪುಟ್ಟ ಇಕ್ಕಳ ಇತ್ತು. ಕೆಲಸ ಕಲಿಸಲು ಬಂದ ಪ್ಯಾಕಿಂಗಿನ ಬಿಂದು ಅದನ್ನು ತೋರಿಸಿದಳು. ಹನುಮಕ್ಕನಿಗೆ ಅದು ಒಗ್ಗಲಿಲ್ಲ. ಕಾಲು ಮಡಚಿ ಕುರ್ಚಿಯ ಮೇಲಿಟ್ಟು, ದಾರದ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ, ಗಾಳವನ್ನು ಎರಡು ಬೆರಳ ನಡುವೆ ಹಿಡಿದಳು. ಅದರ ಕಡ್ಡಿ ನೆಟ್ಟಗಿದ್ದು ಜಾರುತ್ತಿತ್ತು. ಕಟ್ಟುವ ಮುಂಚೆ ಪ್ರತಿ ಗಾಳದ ಕತ್ತನ್ನೂ ಕೊಂಚ ಬಗ್ಗಿಸಿ ಕನಕಾಂಬರದ ತೊಟ್ಟಿನ ಹಾಗೆ ಮಾಡಿಕೊಂಡಳು. ಬಗ್ಗಿದ ಮೇಲೆ ಅದು ಬೆರಳಿಗೆ ಹೂವೇ ಆಯಿತು. ತೊಟ್ಟನ್ನು ಹಿಂದಕ್ಕೆ ಮರೆಮಾಡಿ ಕಟ್ಟುವ ಹಳೇ ರೂಢಿಯಲ್ಲೇ ಕೈ ತನ್ನ ಪಾಡಿಗೆ ಓಡಿತು. ಎರಡೇ ದಿನದಲ್ಲಿ ಮುನ್ನೂರು! ಅಷ್ಟು ಪುಕ್ಕ ಒದಗಿಸಿದ ಕೋಳಿಗಳು ಇಂದಿಗೂ ಸ್ವೆಟರ್ ಹಾಕಿಕೊಂಡು ಓಡಾಡುತ್ತಿವೆ.

ಮೂರನೆಯ ದಿನ ವೃಷಭೇಂದ್ರಪ್ಪ ಭೂತಗನ್ನಡಿ ಹಿಡಿದು ನೋಡಿ ಹೌಹಾರಿದರು. ಹೊಟ್ಟೆಯ ಕೆಳಗಿರಬೇಕಾದ ಗಾಳವನ್ನು ಒಂದೊಂದು ನೊಣವೂ ಬೆನ್ನ ಮೇಲೆ ಛತ್ರಿಯಂತೆ ಹೊತ್ತುಕೊಂಡಿತ್ತು.

"ಏನಮ್ಮಾ ಇದು, ಮುನ್ನೂರೂ ತಲೆಕೆಳಗು!"

"ನೆಟ್ಟಗೇ ಕಟ್ಟಿದೀನಲ್ಲ ಸ್ವಾಮಿ. ತೊಟ್ಟು ಕಾಣಬಾರ್ದಲ್ವಾ?"

"ತೊಟ್ಟಾ? ಅದು ಕೊಕ್ಕೆ ಕಣಮ್ಮ! ಇದನ್ನ ಕಳಿಸಿದ್ರೆ ನನ್ನ ಮಾನ ಹೋಗತ್ತೆ. ನೀವು ವಾಪಸ್ ಹೂವಿಗೇ ಹೋಗ್ಬಿಡಿ."

ಹೂವಿಗೆ ಹೋಗುವುದೆಂದರೆ ನೆಲಕ್ಕೆ ಹೋಗುವುದು. ಹನುಮಕ್ಕ ಕುರ್ಚಿಯ ಎರಡೂ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡಳು. ತನ್ನ ಬೆರಳಿನ ಅಭ್ಯಾಸವೇ ತನಗೆ ಕೈಕೊಟ್ಟಿತು ಎಂಬುದು ಅವಳಿಗೂ ಅರ್ಥವಾಗಿತ್ತು. ಆದರೂ ನಲವತ್ತು ವರ್ಷ ಗಿರಾಕಿಗಳ ಜೊತೆ ಚೌಕಾಸಿ ಮಾಡಿದ ನಾಲಿಗೆ ಸುಮ್ಮನಿರುತ್ತದೆಯೇ?

"ಅಲ್ಲ ಸ್ವಾಮಿ, ಇದಕ್ಕೆ ಗಿರಾಕಿ ಯಾರು?"

"ಫಾರಿನ್ನವರು."

"ಅವರು ತಿಂತಾರಾ ಇದನ್ನ?"

"ಛೆ! ತಿನ್ನೋದು ಮೀನು."

"ಅಂಗಾರೆ ಮೀನೇ ಗಿರಾಕಿ. ಅದೇನು ಮಾಳಿಗೆ ಮೇಲಿಂದ ನೋಡತ್ತಾ?"

ಬಿಂದು ಕಿಸಕ್ಕನೆ ನಕ್ಕಳು. "ಸಾರ್, ಒಂದ್ಸಲ ಕೆಳಗಿಂದ ನೋಡ್ಬಿಡಿ ಸಾರ್."

ನೊಣ ತೇಲುತ್ತದೆಯೇ ಎಂದು ಪರೀಕ್ಷಿಸಲು ಎತ್ತರದ ಸ್ಟ್ಯಾಂಡಿನ ಮೇಲೊಂದು ಗಾಜಿನ ತೊಟ್ಟಿ ಇತ್ತು. ಅದರಡಿ ಮಲಗಬೇಕಾದವರು ಯಾರು? ಹನುಮಕ್ಕನ ಮೊಣಕಾಲು ಒಪ್ಪದು. ಬಿಂದು ನೊಣ ಬಿಡಬೇಕು. ಮಿಕ್ಕ ಮೇಜಿನವರು ಊಟಕ್ಕೆ ಹೋಗಿದ್ದರು. ಉಳಿದವರು ಮಾಲೀಕರು. ನೂರು ಕೇಜಿ ದಾಟಿದ ವೃಷಭೇಂದ್ರಪ್ಪ ನೆಲಕ್ಕೆ ಮೈಚೆಲ್ಲಿದ ರಭಸಕ್ಕೆ ಹೊರಗೆ ನಿಂತಿದ್ದ ಸ್ಕೂಟರುಗಳು ತಾವಾಗಿಯೇ ಸ್ಟಾರ್ಟ್ ಆದವು.

ಬಿಂದು ಮೊದಲು ಮಾಮೂಲಿ ನೊಣ ಬಿಟ್ಟಳು. ಅದರ ಕೊಕ್ಕೆ ಕಸಾಯಿ ಅಂಗಡಿಯದರಂತೆ ನೀರೊಳಗೆ ಇಳಿಬಿದ್ದಿತು. ವೃಷಭೇಂದ್ರಪ್ಪ ಮುಖ ಕಿವುಚಿದರು. ಆಮೇಲೆ ಹನುಮಕ್ಕನವು ಹತ್ತು. ಒಂದು ಅಡ್ಡಬಿತ್ತು. ಮಿಕ್ಕ ಒಂಬತ್ತು ಬಗ್ಗಿದ ಕತ್ತಿನ ದೆಸೆಯಿಂದ ಕೊಕ್ಕೆ ಮೇಲೆ ಮಾಡಿ ಕೂತವು. ಕೆಳಗಿನಿಂದ ಕಂಡಿದ್ದು ಪುಟ್ಟ ಕಾಲು, ಪುಟ್ಟ ಹೊಟ್ಟೆ, ಅಷ್ಟೆ.

"ಕೊಕ್ಕೆ ಎಲ್ಲಮ್ಮಾ?" ಎಂದ ವೃಷಭೇಂದ್ರಪ್ಪನವರ ಬಾಯಿ ತೆರೆದೇ ಉಳಿಯಿತು.

"ಬಾಯಿ ಮುಚ್ಕೊಳಿ ಸಾರ್," ಎಂದಳು ಬಿಂದು, "ಸಿಕ್ಕಾಕ್ಕೊಂಡ್ಬಿಟ್ಟೀರಾ!"

ಮುನ್ನೂರೂ ಪೆಟ್ಟಿಗೆ ಸೇರಿದವು, ಅಡ್ಡಬಿದ್ದದ್ದೊಂದನ್ನು ಬಿಟ್ಟು. ಅದನ್ನು ಹನುಮಕ್ಕ ತನ್ನ ತುರುಬಿಗೆ ಸಿಕ್ಕಿಸಿಕೊಂಡಳು. ಬಸ್ಸಿನಲ್ಲಿ ಹಿಂದೆ ಕೂತಿದ್ದವರೊಬ್ಬರು ನಿಜದ ನೊಣವೆಂದು ಓಡಿಸಹೋಗಿ, ಅಂಗಿಯ ತೋಳು ಗಾಳಕ್ಕೆ ಸಿಕ್ಕಿ, ಹನುಮಂತನಗರದವರೆಗೆ ಜೊತೆಯಲ್ಲೇ ಬಂದರು. ಅವರನ್ನು ಅವಳು ಫೋಟೊ ತೆಗೆಯದೆ ಬಿಟ್ಟುಬಿಟ್ಟಳು.

ತಿಂಗಳಾದ ಮೇಲೆ ಫಾರಿನ್ನಿಂದ ಉತ್ತರ ಬಂತು. ಬಿಂದು ಓದಿ ಹೇಳಿದಳು: ತಲೆಕೆಳಗಿನ ನೊಣ ನಮ್ಮಲ್ಲೂ ಉಂಟು, ಅದೇನೂ ಹೊಸದಲ್ಲ, ಆದರೆ ಈ ಕತ್ತು ಬಗ್ಗಿದ ಗಾಳ ಎಲ್ಲಿಯದು? ಇದರ ಮೂಲ ಯಾವುದು? ಇನ್ನೂ ಸಾವಿರ ಕಳಿಸಿ.

"ಏನ್ ಬರೀಲಮ್ಮ?" ಎಂದರು ವೃಷಭೇಂದ್ರಪ್ಪ.

"ಕನಕಾಂಬರ ಅಂತ ಬರೀರಿ."

"ಸಾವಿರಕ್ಕೆ ಟೈಮ್ ಎಷ್ಟು ಬೇಕು?"

ಹನುಮಕ್ಕ ಕಾಲು ಮಡಚಿ ಮೇಲಿಟ್ಟುಕೊಂಡಳು, ದಾರವನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿದಳು, ಹಿಂದಕ್ಕೆ ಒರಗಿದಳು.

"ಅವಸರ ಮಾಡ್ಬೇಡಿ ಸ್ವಾಮಿ. ಈಗ್ತಾನೆ ಕೂತಿದೀನಿ."