ಹಸಿ ಹೆಂಚಿನ ಮೇಲಿನ ಉಗುರು

ಗಿರಿಜಕ್ಕ ಹೆಂಚು ಬಡಿಯುತ್ತಿದ್ದುದು ಬಲಗೈಯ ನಡುಬೆರಳಿನ ಗಂಟಿನಿಂದ ಎಂದು ನನ್ನ ನೆನಪು. ಎಡಗೈ ಇದ್ದರೂ ಇರಬಹುದು. ಆ ವರ್ಷದ ಡೈರಿಯಲ್ಲಿ 'ಬಡಿದರು, ಕೇಳಿದರು' ಎಂದಷ್ಟೇ ಇದೆ, ಕೈಯ ಸುದ್ದಿ ಇಲ್ಲ. ಅವರು ಮಾತಾಡಿದ್ದು ತುಳುವಿನಲ್ಲಿ, ನಾನು ಬರೆದುಕೊಂಡದ್ದು ಕನ್ನಡದಲ್ಲಿ. ಹಾಗಾಗಿ ಇಲ್ಲಿ ಬರುವ ಅವರ ಮಾತುಗಳಲ್ಲಿ ಎಷ್ಟು ಅವರದು, ಎಷ್ಟು ನನ್ನದು ಎಂದು ಆಣೆ ಇಟ್ಟು ಹೇಳಲಾರೆ. ಆ ಸದ್ದು ಮಾತ್ರ ಮರೆತಿಲ್ಲ. ಬೆಂದ ಹೆಂಚಿನ ಬೆನ್ನಿಗೆ ಒಂದು ಟಕ್. ಕಿವಿ ವಾಲಿಸಿ ಒಂದು ಕ್ಷಣ. ಆಮೇಲೆ ಹೆಂಚು ಬಲಗಡೆಯ ಸಾಲಿಗೋ ಎಡಗಡೆಯ ರಾಶಿಗೋ.

ಕಂಡದ್ದನ್ನೆಲ್ಲ ಬಡಿದು ನೋಡುವುದು ಅವರ ಚಟ. ತೆಂಗಿನಕಾಯಿ ಹಾಗಿರಲಿ, ಬಸ್ಸಿನ ಸೀಟನ್ನೂ ಬಡಿದೇ ಕೂರುತ್ತಿದ್ದರು. ಮೊದಲ ದಿನ ನನ್ನ ಹೊಸ ಫೈಲನ್ನು ಬಡಿದು, "ಒಳಗೆ ಎಂತದೂ ಇಲ್ಲ, ಖಾಲಿ. ಮ್ಯಾನೇಜರರ ಸೋದರಸೊಸೆ ಅಂತ ನಾನು ಸುಳ್ಳು ಹೇಳಬಾರದಲ್ಲ!" ಎಂದು ನಕ್ಕರು.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೆ. ಯಾವುದಾದರೂ ಒಂದು ಕಾರ್ಖಾನೆಯಲ್ಲಿ ಮಾಲು ಹೇಗೆ ತಯಾರಾಗುತ್ತದೆ ಎಂದು ನೋಡಿ ವರದಿ ಬರೆಯಬೇಕಿತ್ತು. ಕಾಪುವಿನ ಹತ್ತಿರದ ಹೆಂಚಿನ ಕಾರ್ಖಾನೆಗೆ ನನ್ನ ಸೋದರಮಾವನೇ ಮ್ಯಾನೇಜರ್. ಅವರ ಮನೆಯಲ್ಲೇ ಉಳಿದು ಒಂದೂವರೆ ತಿಂಗಳು ದಿನಾ ಹೋದೆ.

ಮಣ್ಣು ಬರುತ್ತದೆ, ಹದವಾಗುತ್ತದೆ, ಅಚ್ಚಿಗೆ ಹೋಗುತ್ತದೆ, ಶೆಡ್ಡಿನಲ್ಲಿ ಒಣಗುತ್ತದೆ, ಗೂಡಿನಲ್ಲಿ ಬೇಯುತ್ತದೆ. ಹೀಗೆ ನಾನು ಬಾಣದ ಗುರುತು ಹಾಕಿ ನೇರ ಗೆರೆ ಎಳೆದಿದ್ದೆ. ಅದರ ತುದಿಯಲ್ಲಿ ಹೆಂಚು ಆರಿಸುವ ಗಿರಿಜಕ್ಕ. ನನ್ನ ಚಿತ್ರ ನೋಡಿ ಅವರು ತಲೆಯಾಡಿಸಿದರು.

"ನೀನು ಮಣ್ಣಿನಿಂದ ನನ್ನ ಹತ್ತಿರ ಬರ್ತೀಯ. ನಾನು ಇಲ್ಲಿಂದ ಮಣ್ಣಿಗೆ ಹೋಗುವವಳು. ಸದ್ದು ಮಂದ ಬಂತಾ, ಶೆಡ್ಡಿಗೆ ಹೋಗಿ ನೋಡಬೇಕು. ಮೂಲೆ ಸೊಟ್ಟ ಉಂಟಾ, ಹಸಿಯಲ್ಲೇ ಯಾರೋ ಎತ್ತಿದ್ದಾರೆ. ಬಿರುಕು ಕಾಣುವುದು ಗೂಡಿನಲ್ಲಿ ಮಗಾ, ಹುಟ್ಟುವುದು ಅಲ್ಲಿ ಅಲ್ಲ."

ಎರಡನೆಯ ವಾರವೋ ಮೂರನೆಯ ವಾರವೋ, ಒಡೆದ ಹೆಂಚೊಂದನ್ನು ತಿರುಗಿಸಿ ಅದರ ಮೂಲೆಯಲ್ಲಿ ಎರಡು ಸಣ್ಣ ಗೀರುಗಳನ್ನು ತೋರಿಸಿದರು. ಅಚ್ಚಿನಿಂದ ಹೆಂಚು ತೆಗೆಯುವವರು ತಮ್ಮ ಗುರುತಿಗೆಂದು ಹಸಿಯಲ್ಲೇ ಒತ್ತಿದ ಉಗುರು. ಒಬ್ಬೊಬ್ಬರದು ಒಂದೊಂದು ಬಗೆ. ಎರಡು ಗೀರು ಶೀನನದು. ಆಫೀಸಿಗೆ ಇದು ಗೊತ್ತಿರಲಿಲ್ಲ. ಅಲ್ಲಿಗೆ ಹೋಗುತ್ತಿದ್ದದ್ದು ಆ ದಿನ ಒಟ್ಟು ಎಷ್ಟು ಹೆಂಚು ಹಾಳಾಯಿತು ಎಂಬ ಲೆಕ್ಕ ಮಾತ್ರ.

ಮಧ್ಯಾಹ್ನ ಊಟಕ್ಕೆ ಕೂತಾಗ ಗಿರಿಜಕ್ಕ ಸೆರಗಿನಡಿಯಿಂದ ಆ ತುಂಡನ್ನು ತೆಗೆದು ಶೀನನ ಬುತ್ತಿಯ ಪಕ್ಕದಲ್ಲಿಟ್ಟರು.

"ನಿನ್ನ ಮಗು ಬಂದಿದೆ, ಊಟ ಹಾಕು ಮಾರಾಯ!"

ಎಲ್ಲರೂ ನಕ್ಕರು. ಶೀನನೂ ನಕ್ಕು, "ಮೂಗು ನಿಮ್ಮದೇ ಹಾಗೆ ಉಂಟಲ್ಲ ಅಕ್ಕ," ಎಂದ. ಊಟವಾದ ಮೇಲೆ ಇಬ್ಬರೂ ತುಂಡು ಹಿಡಿದುಕೊಂಡು ಅಚ್ಚಿನ ಬಳಿಗೆ ಹೋದರು. ಎಣ್ಣೆ ಸವರುವ ಬಟ್ಟೆ ಒಣಗಿಹೋಗಿತ್ತು. ಅದನ್ನು ಬದಲಾಯಿಸಿದರು, ಅಷ್ಟೇ. ತಪ್ಪು ಹೀಗೆ ಹಿಂದಕ್ಕೆ ನಡೆದು ತಾನು ಹುಟ್ಟಿದ ಜಾಗ ಸೇರುತ್ತಿತ್ತು, ಯಾರ ಹೆಸರೂ ಮೇಲೆ ಹೋಗುತ್ತಿರಲಿಲ್ಲ. ನನ್ನ ಬಾಣಗಳಲ್ಲಿ ಒಂದೂ ಹಿಂದಕ್ಕೆ ತಿರುಗಿರಲಿಲ್ಲ.

ಇದನ್ನು ಬರೆಯಬೇಡ ಎಂದು ಅವರು ಹೇಳಿದ್ದರೇ? ಡೈರಿಯಲ್ಲಿಲ್ಲ. ಹೇಳುವ ಅಗತ್ಯವೇ ಅವರಿಗೆ ಕಂಡಿರಲಾರದು. ನಾನು ಬರೆದುಕೊಂಡೆ. ನೋಟುಬುಕ್ಕಿನ ಒಂದು ಪುಟದಲ್ಲಿ ಉಗುರಿನ ಗುರುತುಗಳನ್ನು ಬಿಡಿಸಿ, ಎದುರಿಗೆ ಹೆಸರು, ಅದರ ಮುಂದೆ ಹಾಳಾದ ಹೆಂಚುಗಳ ಸಂಖ್ಯೆ. ಕಾಲೇಜಿಗೆ ಕೊಟ್ಟ ವರದಿಯಲ್ಲಿ ಹೆಸರುಗಳನ್ನು ಬಿಟ್ಟಿದ್ದೆ, ಅಷ್ಟು ಬುದ್ಧಿ ಇತ್ತು. ನೋಟುಬುಕ್ಕು ಮಾತ್ರ ಮಾವನ ಮನೆಯ ಮೇಜಿನ ಮೇಲೆ ಇರುತ್ತಿತ್ತು.

ಆ ಸಲ ಮಳೆಗಾಲಕ್ಕೆ ಮುಂಚೆ ಹೆಂಚಿಗೆ ಬೇಡಿಕೆ ಜಾಸ್ತಿ ಇತ್ತು. ಒಣಗಿಸುವ ದಿನಗಳನ್ನು ಆಫೀಸು ಕಡಿಮೆ ಮಾಡಿತು. ಹಸಿ ಆರದ ಹೆಂಚು ಗೂಡಿಗೆ ಹೋಯಿತು, ಬಿರುಕು ಬಿಟ್ಟು ಬಂತು. ಗಿರಿಜಕ್ಕ ನನ್ನೆದುರೇ ಮಾವನಿಗೆ ಹೇಳಿದ್ದರು: "ಶೆಡ್ಡಿನಲ್ಲಿ ಇನ್ನೂ ನಾಲ್ಕು ದಿನ ಇರಲಿ ಧಣಿ. ಹೆಂಚು ಅಳ್ತಾ ಉಂಟು." ಮಾವ ಕೇಳಿಸಿಕೊಂಡು ಹೋದರು.

ವರದಿ ಮುಗಿಸಿ ನಾನು ಹಾಸ್ಟೆಲಿಗೆ ಮರಳಿದೆ. ತಿಂಗಳ ನಂತರ ಉಡುಪಿಯ ಬಸ್ ಸ್ಟ್ಯಾಂಡಿನಲ್ಲಿ ಕಾರ್ಖಾನೆಯ ಹೆಂಗಸೊಬ್ಬರು ಸಿಕ್ಕರು. ಶೀನನನ್ನೂ ಇನ್ನಿಬ್ಬರನ್ನೂ ಕೆಲಸದಿಂದ ತೆಗೆದರಂತೆ, ಗಿರಿಜಕ್ಕ ಬರುವುದನ್ನೇ ನಿಲ್ಲಿಸಿದ್ದಾರಂತೆ. ಆ ಭಾನುವಾರವೇ ಮಟ್ಟುವಿನ ಅವರ ಮನೆಗೆ ಹೋದೆ.

ಗಿರಿಜಕ್ಕ ಮನೆಯ ಹಿಂದೆ ಗುಳ್ಳ ಬದನೆಯ ಗಿಡಗಳಿಗೆ ನೀರು ಹಾಕುತ್ತಿದ್ದರು. ಚಾ ಮಾಡಿ ತಂದುಕೊಟ್ಟರು.

"ಮ್ಯಾನೇಜರ್ ಕೈಯಲ್ಲಿ ಒಂದು ಪುಟ ಹಿಡಕೊಂಡು ಬಂದರು," ಎಂದರು. "ಒಡೆದ ಹೆಂಚುಗಳನ್ನು ತಿರುಗಿಸಿ ತಿರುಗಿಸಿ ಉಗುರು ನೋಡಿದರು. ಮೂರು ಹೆಸರು ಕರೆದರು. ನಾನು ಶೆಡ್ಡಿನ ವಿಷಯ ಹೇಳಿದೆ. ಶೆಡ್ಡಿನಲ್ಲಿ ಯಾರ ಗುರುತೂ ಇಲ್ಲವಲ್ಲ ಅಂದರು."

ನಾನು ಬಾಯಿ ತೆರೆಯುವ ಮೊದಲೇ ಮುಂದುವರಿಸಿದರು. "ಮಧ್ಯಾಹ್ನ ಶೀನ ಬಂದ. ನನ್ನ ಬುತ್ತಿಯ ಹತ್ತಿರ ಒಂದು ತುಂಡು ಇಟ್ಟ. 'ಅಕ್ಕ, ಇನ್ನು ಇದಕ್ಕೆ ನೀವೇ ಊಟ ಹಾಕಿ' ಅಂದ. ಯಾರೂ ನಗಲಿಲ್ಲ. ಹೇಳಿಕೊಟ್ಟದ್ದು ನಾನೇ ಅಂತ ಎಲ್ಲರಿಗೂ ಗೊತ್ತಾಗಿತ್ತು. ಮರುದಿನದಿಂದ ನನ್ನ ಜೊತೆ ಊಟಕ್ಕೆ ಕೂರುವವರಿಲ್ಲ. ಮತ್ತೆ ಎಂತಕ್ಕೆ ಹೋಗುವುದು?"

"ನಾನು ಕೊಟ್ಟದ್ದಲ್ಲ ಗಿರಿಜಕ್ಕ," ಎಂದೆ. ಹಾಗೆಂದದ್ದು ಚೆನ್ನಾಗಿ ನೆನಪಿದೆ. ಅದು ನಿಜವೇ ಎಂಬುದು ಮಾತ್ರ ನನಗೇ ಗೊತ್ತಿರಲಿಲ್ಲ. ಒಂದು ಸಂಜೆ ಚಾ ಕುಡಿಯುವಾಗ ಮಾವನಿಗೆ ಆ ಪುಟವನ್ನು ತೋರಿಸಿ ಬೀಗಿದ ಹಾಗೆಯೂ ಒಂದು ಚಿತ್ರ ತಲೆಯಲ್ಲಿದೆ. ಅದು ಆದದ್ದೋ, ಆಮೇಲೆ ಅಪರಾಧಿಭಾವ ಕಟ್ಟಿಕೊಂಡದ್ದೋ ತಿಳಿಯದು.

ಗಿರಿಜಕ್ಕ ನನ್ನ ಮುಖವನ್ನೇ ನೋಡಿದರು. ಬೆರಳಿನ ಗಂಟು ಮಡಚಿದ್ದೂ ಕಂಡಿತು, ನನ್ನನ್ನೇ ಒಮ್ಮೆ ಬಡಿದು ಕೇಳುವವರ ಹಾಗೆ. ಆದರೆ ಕೈ ಎತ್ತಲಿಲ್ಲ.

"ನೀವು ಹೊರಡಿ, ಬಸ್ಸು ತಪ್ಪುತ್ತದೆ," ಎಂದರು.

ಅವರು ನನ್ನನ್ನು 'ನೀವು' ಎಂದದ್ದು ಅದೇ ಮೊದಲು. ಮತ್ತೆ ಭೇಟಿಯಾಗಲಿಲ್ಲ. ಎರಡು ವರ್ಷದ ಮೇಲೆ ಅವರು ತೀರಿಕೊಂಡ ಸುದ್ದಿ ಬಂತು, ಅದೂ ತಡವಾಗಿ.

ಮಾವ ಈಗ ನಿವೃತ್ತರಾಗಿ ಕಾರ್ಕಳದ ಕುಕ್ಕುಂದೂರಿನಲ್ಲಿದ್ದಾರೆ. ಹೋದ ತಿಂಗಳು ಹೋಗಿದ್ದೆ. ಅವರು ಜಗಲಿಯಲ್ಲಿ ಕೂತು ಕನ್ನಡಕ ಒರೆಸುತ್ತಿದ್ದರು. ಇಷ್ಟು ವರ್ಷ ಬಾಯಿಗೆ ಬಾರದ್ದನ್ನು ಕೇಳಿಯೇಬಿಟ್ಟೆ. ಅವರು ಒರೆಸುವುದನ್ನು ನಿಲ್ಲಿಸಲಿಲ್ಲ. ಆಮೇಲೆ ನಾನು ಬರೆದ ಎರಡು ಕಾಗದಗಳಿಗೂ ಉತ್ತರ ಬಂದಿಲ್ಲ. ನಾನು ಕೇಳಿದ್ದು ಇಷ್ಟೇ:

"ಮಾವ, ಆ ಪುಟವನ್ನು ನೀವು ಮೇಜಿನಿಂದ ತೆಗೆದುಕೊಂಡದ್ದಾ, ಅಲ್ಲ ನಾನೇ ನಿಮ್ಮ ಕೈಗೆ ಕೊಟ್ಟದ್ದಾ?"