ಮೂವತ್ತೇಳು ನಾಟಕ, ನಲವತ್ತು ನಿಮಿಷದ ಒಗೆತ

ಬೆಳಗಿನ ಆರೂಕಾಲು. ನದೀದಂಡೆಯ ರಂಗಮಂದಿರದ ನೆಲಮಾಳಿಗೆಯಲ್ಲಿ ನಟರ ಉಡುಪು ಒಗೆಯುವ ಗ್ಲೆನಿಸ್ ಟ್ಯಾಪ್ಲಿ ಒಂದು ಬಿಳಿ ಅಂಗಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಾರೆ. ಎದೆಯ ಎಡಭಾಗದಲ್ಲಿ ಅಂಗೈಯಗಲದ ಕೆಂಪು ಕಲೆ. "ಇವನು ನಿನ್ನೆ ಸರಿಯಾಗಿ ಸತ್ತಿಲ್ಲ. ರಕ್ತದ ಚೀಲ ಪೂರ್ತಿ ಒಡೆದಿಲ್ಲ ನೋಡಿ," ಎನ್ನುತ್ತಾರೆ. ರಂಗದ ರಕ್ತವೆಂದರೆ ಬಣ್ಣ ಬೆರೆಸಿದ ಸಕ್ಕರೆ ಪಾಕ. ತಣ್ಣೀರಿಗೆ ಬಿಡುತ್ತದೆ, ಬಿಸಿನೀರು ಸೋಕಿದರೆ ಜಪ್ಪಯ್ಯ ಎಂದರೂ ಬಿಡುವುದಿಲ್ಲ.

ಅಂಗಿಗಳು ಯಂತ್ರದೊಳಗೆ ಹೋಗುತ್ತವೆ. ಗ್ಲೆನಿಸ್ ಬೋರಲು ಹಾಕಿದ ಬಕೆಟ್ ಮೇಲೆ ಕೂತು ಏಪ್ರನ್ ಜೇಬಿನಿಂದ ಪುಸ್ತಕ ತೆಗೆದು, ಸಾಲಿನ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದುತ್ತಾರೆ. ಮನಸ್ಸಿನಲ್ಲಿ ಓದಿದರೆ ಸಾಲು ಜಾರುತ್ತದಂತೆ. ಒಂದು ಒಗೆತಕ್ಕೆ ನಲವತ್ತು ನಿಮಿಷ, ಹೆಚ್ಚುಕಡಿಮೆ ಒಂದು ಅಂಕ.

ಯಾರ ನಾಟಕ ಎಂದು ನಮ್ಮೂರಲ್ಲಿ ಕೇಳುವ ಪದ್ಧತಿಯಿಲ್ಲ. ಇಲ್ಲಿ 'ಅವನು' ಎಂದರೆ ಅವನೇ, ನಾನೂರು ವರ್ಷಕ್ಕೂ ಹಿಂದೆ ಇಲ್ಲೇ ಹುಟ್ಟಿದ ನಾಟಕಕಾರ. ಇಂಗ್ಲೆಂಡಿನ ನಡುಭಾಗದ ಈ ಸಣ್ಣ ಊರಿನ ಬೇಕರಿ, ಬಾರು, ಕ್ಷೌರದಂಗಡಿ ಎಲ್ಲ ಅವನ ಹೆಸರಲ್ಲೇ ಉಣ್ಣುತ್ತಿವೆ. ಅವನು ಬರೆದದ್ದು ಮೂವತ್ತೇಳೋ ಮೂವತ್ತೆಂಟೋ ಎಂಬ ಜಗಳ ಬಾರುಗಳಲ್ಲಿ ಇನ್ನೂ ತೀರಿಲ್ಲ. ಗ್ಲೆನಿಸ್ ಮೂವತ್ತೇಳಕ್ಕೆ ಗೆರೆ ಎಳೆದಿದ್ದಾರೆ.

ಅವರಿಗೀಗ ಅರವತ್ತನಾಲ್ಕು. ಹದಿನಾರಕ್ಕೆ ಶಾಲೆ ಬಿಟ್ಟು ಬಿಸ್ಕತ್ತು ಕಾರ್ಖಾನೆ ಸೇರಿದವರು. ಮೂವತ್ತೊಂದು ವರ್ಷದ ಹಿಂದೆ ಇಲ್ಲಿಗೆ ಕೆಲಸ ಕೇಳಿಕೊಂಡು ಬಂದಾಗ ಉಡುಪು ವಿಭಾಗದವರು ಮಾತಿಗೆಂಬಂತೆ ಕೇಳಿದರಂತೆ, "ಅವನ ನಾಟಕ ಏನಾದ್ರೂ ಓದಿದೀಯಾ?" ಗ್ಲೆನಿಸ್ ಬಾಯಿಂದ "ಎಲ್ಲಾ" ಎಂದು ಬಂದುಬಿಟ್ಟಿತು. ಓದಿದ್ದು ಒಂದೂ ಇರಲಿಲ್ಲ.

ಆ ಒಂದು ಮಾತು ಬೆಳೆದು ಹೆಮ್ಮರವಾಯಿತು. ನಟರ ನಡುವೆ ಪಂದ್ಯ ಬಿದ್ದರೆ "ಕೆಳಗೆ ಹೋಗಿ ಗ್ಲೆನಿಸ್‌ನ ಕೇಳಿ" ಎನ್ನುವುದು ರೂಢಿಯಾಯಿತು. ಹೇಗೆ ಸಂಭಾಳಿಸಿದರು? "ಯಾವ ಅಂಗಿಗೆ ರಕ್ತ ಆಗುತ್ತೆ ಅಂತ ಗೊತ್ತಿರ್ತಿತ್ತಲ್ಲ, ಯಾರು ಸಾಯ್ತಾರೆ ಅಂತ ಟಕ್ಕನೆ ಹೇಳ್ಬಿಡ್ತಿದ್ದೆ. ಯಾಕೆ ಸಾಯ್ತಾರೆ ಅಂದ್ರೆ ಮಾತ್ರ, 'ಅಯ್ಯೋ, ಮಷೀನು ನಿಂತೋಯ್ತು' ಅಂತ ಓಡ್ತಿದ್ದೆ."

ಅಕ್ಟೋಬರ್ ಕೊನೆಯ ಶನಿವಾರ ಅವರ ನಿವೃತ್ತಿ. ಬೀಳ್ಕೊಡುಗೆಯ ಭಾಷಣ ಈಗಿನ ಉಡುಪು ಮೇಲ್ವಿಚಾರಕ ಹ್ಯೂ ಬ್ರಾಕ್ಟನ್ ಅವರದ್ದು. 'ಅವನನ್ನು ಪೂರ್ತಿ ಓದಿಕೊಂಡ ನಮ್ಮ ಗ್ಲೆನಿಸ್' ಎಂದೇ ಶುರುಮಾಡುತ್ತೇನೆಂದು ಜನವರಿಯಲ್ಲೇ ಹೇಳಿದರು. ಇಡೀ ಮಂದಿರದ ಮುಂದೆ ಆ ಸುಳ್ಳನ್ನು ಹೊತ್ತು ನಿಲ್ಲುವುದು ಗ್ಲೆನಿಸ್‌ಗೆ ಬೇಕಿರಲಿಲ್ಲ, ಬಾಯಿಬಿಡುವ ಧೈರ್ಯವೂ ಇರಲಿಲ್ಲ. ಮರುದಿನವೇ ಮೊದಲ ಪುಸ್ತಕ ತಂದರು.

ದುರಂತಗಳು ಸಲೀಸು. ರಕ್ತದ ಕಲೆಗಳು ಮೊದಲೇ ಪರಿಚಿತ. ಹಾಸ್ಯ ನಾಟಕಗಳ ಬಗ್ಗೆ ಅವರಿಗೆ ತಕರಾರಿದೆ. "ಹುಡುಗಿ ಗಂಡಸಿನ ಪ್ಯಾಂಟು ಹಾಕಿದ್ಲು ಅಂತ ಸ್ವಂತ ಅಣ್ಣನಿಗೂ ಗುರುತು ಸಿಗಲ್ವಂತೆ. ಆ ಪ್ಯಾಂಟು ಒಗೆಯೋಳು ನಾನು. ಅದು ಯಾರ ಸೊಂಟ ಅಂತ ನಂಗೊತ್ತಿಲ್ವಾ!"

ಜೂನ್‌ನಲ್ಲಿ ಎಡವಟ್ಟಾಯಿತು. ಅವನ ಒಂದು ನಾಟಕದ ಹೆಸರನ್ನು ಮಂದಿರದೊಳಗೆ ಯಾರೂ ಎತ್ತಬಾರದು, ಎತ್ತಿದರೆ ಕೇಡು ಎಂಬುದು ರಂಗದವರ ನಂಬಿಕೆ. ಈ ಸಾಲುಗಳನ್ನು ಅಲ್ಲೇ ಕೂತು ಬರೆಯುತ್ತಿರುವುದರಿಂದ ನಾನೂ ಎತ್ತುವುದಿಲ್ಲ. ಗ್ಲೆನಿಸ್ ಗಟ್ಟಿಯಾಗಿ ಓದುವವರಲ್ಲವೇ, ರಕ್ಷಾಪುಟದ ಹೆಸರಿನಿಂದಲೇ ಶುರುಮಾಡಿಬಿಟ್ಟರು. ನಾಲಿಗೆ ಕಚ್ಚಿಕೊಂಡು ಹೊರಗೋಡಿದರು, ಮೂರು ಸುತ್ತು ಸುತ್ತಿದರು, ಉಗುಳಿದರು. ಇನ್ನು ಒಳಗಿನವರು ಯಾರಾದರೂ ಕರೆಯಬೇಕು, ಆಗಲೇ ದೋಷ ಪರಿಹಾರ. ಬೆಳಗಿನ ಆರೂವರೆಗೆ ಒಳಗೆ ನರಪಿಳ್ಳೆಯಿಲ್ಲ. ಬೀಗದ ಕೈ ಜೇಬಿನಲ್ಲಿದ್ದರೂ ಗ್ಲೆನಿಸ್ ಚಳಿಯಲ್ಲಿ ಮುಕ್ಕಾಲು ಗಂಟೆ ನಿಂತರು. ಅಷ್ಟರಲ್ಲಿ ತಣ್ಣೀರಿನ ಸುತ್ತು ಮುಗಿಸಿದ ಯಂತ್ರ, ನಿಲ್ಲಿಸುವವರಿಲ್ಲದೆ, ತಾನಾಗಿ ಬಿಸಿನೀರಿಗೆ ಹೊರಳಿತು.

ಮೊದಲು ಬಂದದ್ದು ಹ್ಯೂ. "ಕೀ ಮರೆತ್ರಾ?"

"ಜೇಬಲ್ಲಿದೆ. ನೀನು ಒಳಗೆ ಹೋಗಿ ನನ್ನ ಕರಿಯಪ್ಪ ಮೊದಲು."

"ಆ ಹೆಸರು ಅಂದ್ರಾ? ನೀವು?"

"ಓದ್ತಾ ಇದ್ದೆ ಕಣೋ."

"ಅದನ್ನ ಯಾವತ್ತೋ ಓದಿದೀರಲ್ಲ, ಮತ್ತ್ಯಾಕೆ?"

ಗ್ಲೆನಿಸ್ ಹೇಳಿದರು, "ಓದಿರಲಿಲ್ಲ. ಯಾವುದನ್ನೂ ಓದಿರಲಿಲ್ಲ."

ಆರು ಅಂಗಿಗಳು ಗುಲಾಬಿಯಾಗಿದ್ದವು. ಮಧ್ಯಾಹ್ನದ ಆಟದಲ್ಲಿ ಸರದಾರರು ಅವನ್ನೇ ತೊಟ್ಟು ಸತ್ತರು. ಹ್ಯೂ ಯಾರಿಗೂ ಏನೂ ಹೇಳಲಿಲ್ಲ. ಆದರೆ ಭಾಷಣದ ಮೊದಲ ಸಾಲಿನ ಮುಂದೆ ಪೆನ್ಸಿಲ್‌ನಲ್ಲಿ ಒಂದು ಪ್ರಶ್ನೆಚಿಹ್ನೆ ಹಾಕಿಟ್ಟಿದ್ದಾರೆ.

ಈಗ ಅಕ್ಟೋಬರ್ ಮೊದಲ ವಾರ. ಮೂವತ್ಮೂರು ಮುಗಿದಿವೆ, ನಾಲ್ಕು ಬಾಕಿ, ನಾಲ್ಕೂ ರಾಜರ ನಾಟಕಗಳು. ಒಂದೊಂದಕ್ಕೆ ವಾರ ಬೇಕು, ಇರುವುದು ಮೂರೂವರೆ ವಾರ. "ಎಲ್ಲಾ ರಾಜರಿಗೂ ಅದದೇ ಹೆಸರು. ನಾವು ಕಾಲುಚೀಲಕ್ಕೆ ಹಚ್ಚೋ ಹಾಗೆ ನಂಬರ್ ಹಚ್ಚಿಟ್ಟಿದಾರೆ," ಎಂದು ಗೊಣಗುತ್ತಾರೆ. ಕಳೆದ ವಾರದಿಂದ ಊಟದ ಹೊತ್ತಿನಲ್ಲೂ, ಬಸ್ಸಿನಲ್ಲೂ ಓದುತ್ತಿದ್ದಾರೆ. ಬಸ್ಸಿನಲ್ಲಿ ಪಕ್ಕದವರು ಎದ್ದು ಬೇರೆ ಸೀಟಿಗೆ ಹೋಗುತ್ತಾರೆ.

'ಬಹುತೇಕ ಎಲ್ಲಾ' ಎಂದು ಹೇಳಿದರಾಯಿತಲ್ಲ ಎಂದು ಹ್ಯೂ ಸಲಹೆ ಕೊಟ್ಟರಂತೆ. "ಬಹುತೇಕ ಒಗೆದಿರೋ ಅಂಗಿ ಹಾಕ್ಕೋತೀಯಾ ನೀನು?" ಎಂದು ಗ್ಲೆನಿಸ್ ಹ್ಯೂ ಬಾಯಿ ಮುಚ್ಚಿಸಿದ್ದಾರೆ.

ಯಂತ್ರ ನಿಲ್ಲುತ್ತದೆ. ಅಂಕ ಮುಗಿಯಲು ಇನ್ನೂ ಎರಡು ಪುಟವಿದೆ. ಅಂಗಿಗಳು ಕಾಯಲಿ ಎಂಬಂತೆ ಅವರು ಕೂತೇ ಇದ್ದಾರೆ. ಓದಿ ಮುಗಿಸಿದರೆ ಸಿಗುವುದೇನು ಎಂದು ಕೇಳುತ್ತೇನೆ.

"'ಎಲ್ಲಾ ಓದಿದಾಳೆ' ಅನ್ನೋ ಮಾತು ಬಂದಾಗಲೆಲ್ಲ ಮೂವತ್ತೊಂದು ವರ್ಷ ನನ್ನ ಬೂಟು ನೋಡ್ಕೊಂಡು ನಿಂತಿದೀನಿ," ಎನ್ನುತ್ತಾರೆ ಗ್ಲೆನಿಸ್. "ಒಂದೇ ಒಂದು ಸಲ, ಹೇಳೋರ ಮುಖ ನೋಡ್ಬೇಕು."